ಮನೆ ಓನರ್ ಊದಿದ ಕೊಳಲು

ನನ್ನ ಕೊಳಲು ಚೆನ್ನಾಗಿಲ್ಲ ಎಂದು ಬಹಳ ಕಾಲ ನನಗೆ ಯಾರೂ ಹೇಳಲಿಲ್ಲ. ಹೇಳುತ್ತಿದ್ದವರು ಮೇಷ್ಟ್ರೊಬ್ಬರೇ. ಅದಕ್ಕೇ ಅವರ ಬಳಿ ಹೋಗುವುದನ್ನು ಬಿಟ್ಟುಬಿಟ್ಟೆ.

ಜೆ.ಪಿ. ನಗರ ಎಂಬ ಹೆಸರು ಬರುವ ಮುಂಚೆಯೇ ಅಲ್ಲಿದ್ದ ಮನೆತನ ನಮ್ಮದು. ಅಪ್ಪ ರಾಗಿ, ಅವರೆ ಬೆಳೆಯುತ್ತಿದ್ದ ಹೊಲಕ್ಕೆ ಫೇಸು, ಮೇನು, ಕ್ರಾಸು ಎಂದು ನಂಬರು ಬಿದ್ದಿತು. ಉಳಿದ ಸೈಟಿನಲ್ಲಿ ನಾನು ಮೂರು ಮಹಡಿ ಎಬ್ಬಿಸಿದೆ. ಕೆಳಗೆ ಪಾರ್ಕಿಂಗು, ಮೊದಲನೆಯದರಲ್ಲಿ ಕಂಪನಿ ಕೆಲಸದ ಇಬ್ಬರು ಹುಡುಗರು, ಎರಡನೆಯದರಲ್ಲಿ ಒಬ್ಬ ನರ್ಸಮ್ಮ, ಮೂರನೆಯದರಲ್ಲಿ ನಾನು ಮತ್ತು ನನ್ನ ಹೆಂಡತಿ. ನನ್ನ ಉದ್ಯೋಗ ಏನೆಂದು ಕೇಳಿದವರಿಗೆ ‘ಬಿಲ್ಡಿಂಗ್ ನೋಡ್ಕೋತೀನಿ’ ಎನ್ನುತ್ತೇನೆ. ನೋಡಿಕೊಳ್ಳುವುದಕ್ಕೆ ಅಲ್ಲಿ ಏನಿದೆ? ಸಂಪು ತುಂಬಿತೇ, ಮೋಟಾರು ಆರಿಸಿದರೇ, ಗೇಟಿಗೆ ಅಡ್ಡ ಯಾರ ಬೈಕು ನಿಂತಿದೆ, ಇಷ್ಟೇ.

ಐವತ್ತೈದು ದಾಟಿದ ಮೇಲೆ ನನಗೆ ಎದೆಯಲ್ಲಿ ನಂಜಾಗಿ ಆಸ್ಪತ್ರೆ ಸೇರಬೇಕಾಯಿತು. ಮನೆಗೆ ಕಳಿಸುವಾಗ ಪ್ಲಾಸ್ಟಿಕ್ಕಿನ ಸಾಮಾನೊಂದನ್ನು ಕೊಟ್ಟರು. ಅದರೊಳಗೆ ಮೂರು ಚೆಂಡು. ಕೊಳವೆಗೆ ಬಾಯಿಟ್ಟು ಉಸಿರೆಳೆದರೆ ಚೆಂಡುಗಳು ಮೇಲೇಳಬೇಕು. ಮೊದಮೊದಲು ಒಂದೂ ಏಳುತ್ತಿರಲಿಲ್ಲ. ಜೀವಮಾನವಿಡೀ ಬಿಟ್ಟಿಯಾಗಿ ಎಳೆದುಕೊಂಡ ಉಸಿರಿಗೆ ಈಗ ಹೀಗೆ ಪರೀಕ್ಷೆ ಕೊಡಬೇಕಾಯಿತಲ್ಲ ಎಂದು ಸಿಟ್ಟು ಬರುತ್ತಿತ್ತು. ಮೂರೂ ಚೆಂಡು ಎದ್ದ ದಿನ ಹೆಂಡತಿಯನ್ನು ಕರೆದು ತೋರಿಸಿದೆ. ಅವಳು, “ಇಷ್ಟು ಉಸಿರು ಈ ಡಬ್ಬಕ್ಕೆ ಯಾಕೆ ದಂಡ ಮಾಡ್ತೀರಿ? ಒಂದು ಕೊಳಲಾದ್ರೂ ಕಲೀರಿ,” ಎಂದು ನಕ್ಕಳು. ಅವಳು ಹೇಳಿದ್ದು ತಮಾಷೆಗೆ. ನಾನು ನಿಜವೆಂದೇ ಹಿಡಿದುಕೊಂಡೆ.

ಹನುಮಂತನಗರದ ಏರಿನಲ್ಲಿ, ಹಳೆಯ ಮನೆಯೊಂದರ ಮೇಲಿನ ಕೋಣೆಯಲ್ಲಿ ಕೊಳಲಿನ ಪಾಠ ನಡೆಯುತ್ತದೆಂದು ಯಾರೋ ಹೇಳಿದರು. ಮೇಷ್ಟ್ರು ಕಚೇರಿಯೊಂದರಿಂದ ನಿವೃತ್ತರಾದವರು. ಸಣ್ಣ ಆಳು, ಸಣ್ಣ ದನಿ. ಸ್ಕೂಲ್ ಮಕ್ಕಳ ನಡುವೆ ಚಾಪೆಯ ಮೇಲೆ ಕೂರಲು ನನ್ನ ಮಂಡಿ ಒಪ್ಪದೆ, ನನಗೊಂದು ಪ್ಲಾಸ್ಟಿಕ್ ಸ್ಟೂಲು ಹಾಕಿದರು. ಮಕ್ಕಳಿಗಿಂತ ಎತ್ತರದಲ್ಲಿ ಕುಳಿತು ಅವರೆಲ್ಲರಿಗಿಂತ ಕೆಟ್ಟದಾಗಿ ಊದುವುದು ನನ್ನ ಪಾಲಿಗೆ ಬಂತು.

ಮೊದಲ ದಿನ ಅವರು ಕೊಳಲನ್ನು ಮುಟ್ಟಲು ಬಿಡಲೇ ಇಲ್ಲ. ಖಾಲಿ ಔಷಧಿ ಸೀಸೆಯ ಬಾಯಿಗೆ ತುಟಿ ತಾಗಿಸಿ ಊದಿದರು. ದೂರದ ಹಡಗಿನಂತೆ ಅದು ಗುಂಯ್ ಎಂದಿತು. ಪೆನ್ನಿನ ಕ್ಯಾಪಿನಲ್ಲಿ ಊದಿದರು, ಅದು ಕಿರುಚಿತು. ಹಿತ್ತಲಿನಿಂದ ತಂದ ಪರಂಗಿ ದಂಟನ್ನು ನನ್ನ ಕೈಗೆ ಕೊಟ್ಟರು. ಹೊಲದ ಬದುವಿನಲ್ಲಿ ಚಿಕ್ಕಂದಿನಲ್ಲಿ ನಾವೂ ಅದನ್ನು ಊದಿದವರೇ. ತೆಂಗಿನ ಗರಿಯ ಪೀಪಿ, ಮಾವಿನ ಓಟೆಯನ್ನು ಕಲ್ಲಿಗೆ ತೇಯ್ದು ಮಾಡಿದ ಪೀಪಿ ಎಲ್ಲ ನೆನಪಾಗಿ ನಾನು ಹುಡುಗನಂತೆ ಖುಷಿಪಟ್ಟೆ.

“ಅಂಚಿನ ಮೇಲೆ ಗಾಳಿ ಒಡೆದ್ರೆ ಕೊಳಲು ಸಾರ್. ಬಾಯಿಗೆ ಪೀಪಿ ಸಿಕ್ಕಿಸಿದ್ರೆ ನಾಗಸ್ವರ. ತುಟೀನೇ ನಡುಗಿದ್ರೆ ಶಂಖ, ಕೊಂಬು. ಎಲ್ಲಕ್ಕೂ ಇರೋದು ಒಂದೇ ಗಾಳಿ,” ಎಂದರು ಮೇಷ್ಟ್ರು. “ಕೊಳವೆ ಅಂತ ಒಂದಿದ್ರೆ ಅದು ಕೂಗೇ ಕೂಗುತ್ತೆ. ಅದರಲ್ಲಿ ಹೆಚ್ಚುಗಾರಿಕೆ ಏನಿಲ್ಲ. ಕೂಗೋದನ್ನ ಹಾಡಿಸೋದಕ್ಕೆ ವರ್ಷಗಳು ಬೇಕು.”

ವರ್ಷಗಳು ಎಂದದ್ದನ್ನು ನಾನು ಮಾತಿನ ಅಲಂಕಾರ ಎಂದುಕೊಂಡಿದ್ದೆ. ಅವರು ಒಂದೇ ಸ್ವರ ಕೊಟ್ಟು ಕೂರಿಸಿದರು. ಮೊಬೈಲಿನಲ್ಲಿ ಶ್ರುತಿ ಹಾಕಿ, ಆ ಒಂದು ಷಡ್ಜವನ್ನು ಉಸಿರು ಮುಗಿಯುವ ತನಕ ಎಳೆಯಬೇಕು. ಶುರುವಿನಲ್ಲಿ ಶ್ರುತಿಗೆ ಕೂಡುತ್ತಿತ್ತು. ಉಸಿರು ತೀರುತ್ತ ಬಂದಂತೆ ಸ್ವರ ಕೆಳಗೆ ಇಳಿಯುತ್ತಿತ್ತು. ಮೇಷ್ಟ್ರು ಕಣ್ಣು ಮುಚ್ಚಿಕೊಂಡೇ “ಜಾರ್ತಿದೆ ಸಾರ್” ಎನ್ನುತ್ತಿದ್ದರು. ಮುಂದಿನ ವಾರವೂ ಜಾರುತ್ತಿತ್ತು. ಅದರ ಮುಂದಿನ ವಾರವೂ. ಪಕ್ಕದ ಹುಡುಗಿ ವರಸೆಗಳನ್ನು ಮುಗಿಸಿ ಗೀತೆಗೆ ಹೋದಳು. ನಾನಿನ್ನೂ ‘ಸ’ದಲ್ಲಿ ಕುಳಿತಿದ್ದೆ.

ನಾನು ‘ಜಾರ್ತಿದೆ’ ಎನ್ನಿಸಿಕೊಂಡು ಅಭ್ಯಾಸ ಇದ್ದವನಲ್ಲ. ನಮ್ಮ ಬಿಲ್ಡಿಂಗಿನಲ್ಲಿ ನಾನು ಹೇಳಿದ್ದೇ ಮಾತು. ಆದರೂ ಶ್ರದ್ಧೆಯಲ್ಲಿ ಕಡಿಮೆ ಮಾಡಲಿಲ್ಲ, ಆ ಮಾತನ್ನು ಮಾತ್ರ ಧೈರ್ಯವಾಗಿ ಹೇಳಬಲ್ಲೆ. ಸ್ನಾನ ಮಾಡಿ, ದೇವರಿಗೆ ಕೈಮುಗಿದು, ಬೆಳಿಗ್ಗೆ ಎಂಟಕ್ಕೆ ಕುಳಿತರೆ ಹತ್ತರ ತನಕ ಏಳುತ್ತಿರಲಿಲ್ಲ. ನಮ್ಮ ಚಿಕ್ಕ ಕೋಣೆಯ ಕಿಟಕಿ ಡಕ್ಟಿಗೆ ತೆರೆಯುತ್ತದೆ. ಗಾಳಿ ಬೆಳಕಿಗೆಂದು ಮನೆಯ ನಡುವೆ ತಾರಸಿಯಿಂದ ನೆಲದ ತನಕ ಬಿಟ್ಟ ಬಾವಿಯಂಥ ಜಾಗ ಅದು. ಆ ಕಿಟಕಿಯನ್ನು ಪೂರ್ತಿ ತೆಗೆದು ಊದಿದರೆ ನನ್ನ ಬಡಕಲು ಸ್ವರ ಡಕ್ಟಿನೊಳಗೆಲ್ಲ ತುಂಬಿಕೊಂಡು, ದಪ್ಪಗಾಗಿ, ದೇವಸ್ಥಾನದಲ್ಲಿ ಊದಿದ ಹಾಗೆ ಕೇಳುತ್ತಿತ್ತು. ಹೀಗೆ ಕೇಳಿಸುತ್ತಿರುವಾಗ ಈ ಮೇಷ್ಟ್ರು ಇನ್ನೂ ಯಾವ ತಪ್ಪು ಹುಡುಕುತ್ತಾರೆ ಎಂದುಕೊಳ್ಳುತ್ತಿದ್ದೆ.

ನಾನು ಕೂರುವ ಹೊತ್ತಿಗೇ ನನ್ನ ಹೆಂಡತಿ ತರಕಾರಿ ತರಲು ಹೊರಡುತ್ತಿದ್ದಳು. ಒಂದು ಕಟ್ಟು ಸೊಪ್ಪಿಗೆ ಹೋದವಳು ಹತ್ತರ ಮೇಲೆ ಬರುತ್ತಿದ್ದಳು. ಇವಳಿಗೂ ಒಂದು ಶಿಸ್ತು ಬಂತು ಎಂದು ಸಂತೋಷಪಟ್ಟೆ.

ಬಾಡಿಗೆಯವರು ನನ್ನನ್ನು ಅಟ್ಟಕ್ಕೇರಿಸಿದರು. ಅವರು ತಾವಾಗಿ ಏರಿಸಿದರು ಎನ್ನುವುದು ಸುಳ್ಳು. ಏಣಿ ಹಾಕಿಕೊಟ್ಟವನು ನಾನೇ. ಮೆಟ್ಟಿಲಿನಲ್ಲಿ ಸಿಕ್ಕವರನ್ನು ನಿಲ್ಲಿಸಿ “ಏನು, ಕೇಳಿಸ್ತಾ ಬೆಳಿಗ್ಗೆ?” ಎನ್ನುತ್ತಿದ್ದೆ. ಹುಡುಗರು “ಸಖತ್ ಅಂಕಲ್!” ಎಂದು ಹೆಲ್ಮೆಟ್ ಹಾಕಿಕೊಳ್ಳುತ್ತಿದ್ದರು. ನರ್ಸಮ್ಮ ರಾತ್ರಿ ಪಾಳಿಯವಳು. ಬನ್ನೇರುಘಟ್ಟ ರಸ್ತೆಯ ಆಸ್ಪತ್ರೆಯಿಂದ ಬೆಳಿಗ್ಗೆ ನಾನು ಕೂರುವುದಕ್ಕೆ ಸ್ವಲ್ಪ ಮುಂಚೆ, ಮುಖ ಬಾಡಿಸಿಕೊಂಡು, ಚಪ್ಪಲಿ ಎಳೆಯುತ್ತ ಬರುತ್ತಿದ್ದಳು. ಅವಳನ್ನೂ ನಿಲ್ಲಿಸುತ್ತಿದ್ದೆ. “ಚೆನ್ನಾಗಿದೆ ಸಾರ್. ಮನಸ್ಸಿಗೆ ಹಿತವಾಗಿರುತ್ತೆ,” ಎನ್ನುತ್ತಿದ್ದಳು. ದಿನವೂ ರೋಗಿಗಳನ್ನು ನೋಡುವವಳು, ಇವಳಿಗೆ ಹಿತ ಅಂದರೇನೆಂದು ಗೊತ್ತು ಎಂದು ನಾನು ಆ ಮಾತನ್ನು ಮೇಷ್ಟ್ರ ಮಾತಿಗಿಂತ ಮೇಲೆ ಇಟ್ಟುಕೊಂಡೆ. ಮೇಷ್ಟ್ರ ಮನೆಗೆ ಹೋಗುವುದು ನಿಂತಿತು. ಮೊಬೈಲಿನಲ್ಲಿ ನೋಡಿ ಒಂದು ದೇವರನಾಮ ಕಲಿತೆ. ಗಣೇಶನ ಹಬ್ಬಕ್ಕೆ ಪಾರ್ಕಿಂಗಿನಲ್ಲಿ ಗಣಪತಿ ಕೂರಿಸಿ, ಅದರ ಮುಂದೆ ಊದಿಯೂ ಊದಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನರ್ಸಮ್ಮ ಡ್ಯೂಟಿಗೆ ಹೊರಟವಳು ನಿಂತು ತಟ್ಟಿ ಹೋದಳು.

ಒಂದು ದಿನ ಹುಡುಗರ ಬಚ್ಚಲಿನ ಚಾವಣಿಯಲ್ಲಿ ನೀರು ಜಿನುಗುತ್ತಿದೆ ಎಂದು ದೂರು ಬಂತು. ಮೇಲಿನ ಮನೆಯ, ಎಂದರೆ ನರ್ಸಮ್ಮನ ಬಚ್ಚಲಿನ ಪೈಪು ಒಡೆದಿರಬೇಕು. ಅಭ್ಯಾಸ ಮುಗಿಸಿ, ಪ್ಲಂಬರನ್ನು ಕರೆದುಕೊಂಡು ಹೋಗಿ ಅವಳ ಬೆಲ್ ಒತ್ತಿದೆ. ನಿದ್ದೆಗಣ್ಣಿನಲ್ಲಿ ಬಾಗಿಲು ತೆಗೆದಳು. ಒಳಗೆ ಹೋದರೆ, ಅಡುಗೆಮನೆಯ ನೆಲದ ಮೇಲೆ ಅವಳ ಹಾಸಿಗೆ. ತಲೆಯ ಕಡೆ ಗ್ಯಾಸ್ ಸಿಲಿಂಡರು, ಕಾಲಿನ ಕಡೆ ಅಕ್ಕಿ ಡಬ್ಬ. ಫ್ಯಾನಿಲ್ಲದ ಕೋಣೆ ಅದು. ಗ್ಯಾಸ್ ಕಟ್ಟೆಯ ಮೇಲೆ ಪುಟ್ಟ ಟೇಬಲ್ ಫ್ಯಾನೊಂದು ತಿರುಗುತ್ತಿತ್ತು.

“ಯಾಕಮ್ಮ, ಬೆಡ್‌ರೂಮ್ ಬಿಟ್ಟು ಇಲ್ಲಿ ಮಲಗ್ತೀಯಾ?”

“ಇಲ್ಲಿ ತಂಪಾಗಿರುತ್ತೆ ಸಾರ್,” ಎಂದಳು. ಅವಳ ಹಣೆಯ ಬೆವರು ಕುತ್ತಿಗೆಗೆ ಇಳಿದಿತ್ತು.

ಪ್ಲಂಬರು ಬಚ್ಚಲಿನಲ್ಲಿ ಕೆಲಸ ಹಿಡಿದ. ನಾನು ಓನರ್ ಗತ್ತಿನಲ್ಲಿ ಬೆಡ್‌ರೂಮಿನ ಗೋಡೆಯಲ್ಲಿ ತೇವ ಇದೆಯೇ ನೋಡೋಣವೆಂದು ಹೋದೆ. ಡಕ್ಟಿನ ಕಡೆಯ ಕಿಟಕಿಗೆ ರಟ್ಟು ಇಟ್ಟು, ಸುತ್ತ ಕಂದು ಟೇಪು ಹಚ್ಚಿ, ಅದರ ಮುಂದೆ ಒಂದು ದಿಂಬನ್ನೂ ಸಿಕ್ಕಿಸಿದ್ದಳು. ಸೊಳ್ಳೆಗಿರಬೇಕು ಎಂದುಕೊಳ್ಳುತ್ತಿದ್ದಂತೆ ಮೇಲಿನಿಂದ ನನ್ನ ಹೆಂಡತಿಯ ಮಾತು ಕೇಳಿಸಿತು. ರಟ್ಟು, ದಿಂಬು ಎಲ್ಲ ದಾಟಿ, ಪಕ್ಕದಲ್ಲೇ ನಿಂತು ಮಾತಾಡಿದ ಹಾಗೆ. ಫೋನಿನಲ್ಲಿ ತನ್ನ ತಂಗಿಗೆ ಹೇಳುತ್ತಿದ್ದಳು: “ಮುಗೀತು ಕಣೇ, ಈಗ ಮನೆಗೆ ಬಂದೆ. ಇನ್ನು ನಾಳೆ ಎಂಟು ಗಂಟೆ ತನಕ ಭಯ ಇಲ್ಲ.”

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಹಿಂದಕ್ಕೆ ತಿರುಗಿದರೆ ಬಾಗಿಲಲ್ಲಿ ನರ್ಸಮ್ಮ ನಿಂತಿದ್ದಳು. ಅವಳೂ ಕೇಳಿಸಿಕೊಂಡಿದ್ದಳು. “ಕಾಫಿ ಮಾಡ್ಲಾ ಸಾರ್?” ಎಂದಳು. ರಾತ್ರಿಯಿಡೀ ದುಡಿದು ಬಂದವಳು, ನನ್ನ ದೆಸೆಯಿಂದ ಸಿಲಿಂಡರಿನ ಪಕ್ಕ ಮಲಗುವವಳು, ನನಗೆ ಕಾಫಿ ಮಾಡಲು ಹೊರಟಿದ್ದಳು. ಬೇಡಮ್ಮ ಎಂದು ಹೇಳಿ, ಪ್ಲಂಬರನ್ನು ಅಲ್ಲೇ ಬಿಟ್ಟು ಮೆಟ್ಟಿಲು ಹತ್ತಿದೆ.

ಮಧ್ಯಾಹ್ನ ಊಟಕ್ಕೆ ಕುಳಿತಾಗ ಹೆಂಡತಿಯನ್ನು ಕೇಳಿದೆ: “ಅಷ್ಟು ಕೆಟ್ಟದಾಗಿತ್ತಾ? ನನಗ್ಯಾಕೆ ಹೇಳ್ಲಿಲ್ಲ?”

ಅವಳು ಸಾರು ಬಡಿಸುತ್ತಿದ್ದ ಸೌಟನ್ನು ಕೆಳಗಿಟ್ಟಳು. “ಆಸ್ಪತ್ರೇಲಿ ನೀವು ಉಸಿರಿಗೆ ಒದ್ದಾಡೋದು ನೋಡಿದ್ದೆ ಕಣ್ರೀ. ಉಸಿರು ಬರ್ತಿದೆಯಲ್ಲ, ಏನಾದ್ರೂ ಊದ್ಕೊಳ್ಳಲಿ ಅನ್ನಿಸ್ತು.”

ಅವಳ ಸುಳ್ಳಿಗೆ ಪ್ರೀತಿ ಕಾರಣ. ಅದನ್ನು ತಡೆದುಕೊಳ್ಳಬಹುದಿತ್ತು. ಕೆಳಗಿನವಳ ಸುಳ್ಳಿಗೆ ಕಾರಣ ಏನೆಂದು ಯೋಚಿಸಿದಾಗ ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ. ಅವಳ ಹನ್ನೊಂದು ತಿಂಗಳ ಕರಾರು ಮುಗಿಯುವುದರಲ್ಲಿತ್ತು. ಮುಂದುವರಿಸುವುದೋ ಬಿಡುವುದೋ ನನ್ನ ಬಾಯಲ್ಲಿತ್ತು. ಅಂಥವಳನ್ನು ಮೆಟ್ಟಿಲಲ್ಲಿ ಅಡ್ಡಗಟ್ಟಿ ‘ಹೇಗಿದೆ’ ಎಂದು ಕೇಳಿದರೆ ಅವಳಾದರೂ ಏನು ಹೇಳಬೇಕು? ಅವಳು ಬಾಡಿಗೆಯ ಜೊತೆಗೆ ಹೊಗಳಿಕೆಯನ್ನೂ ಕಟ್ಟುತ್ತಿದ್ದಳು, ನಾನು ಅದನ್ನೂ ವಸೂಲಿ ಮಾಡುತ್ತಿದ್ದೆ.

ಮರುದಿನದಿಂದ ಊದುವುದನ್ನು ನಿಲ್ಲಿಸಿದೆ. ಕಿಟಕಿ ಮುಚ್ಚಿದೆ. ಕ್ಷಮೆ ಕೇಳಬೇಕು ಎಂದು ಎಷ್ಟೋ ಸಲ ಮೆಟ್ಟಿಲಿಳಿದೆ. ಎರಡನೇ ಮಹಡಿ ದಾಟಿ ಸೀದಾ ಸಂಪು ನೋಡಲು ಹೋದೆ. ಓನರ್ ಆದವನ ನಾಲಿಗೆಗೆ ಆ ಮಾತು ತಿರುಗುವುದಿಲ್ಲ ಎಂಬುದು ನನಗೆ ಆಗಲೇ ಗೊತ್ತಾದದ್ದು.

ವಾರ ಕಳೆದಿರಬೇಕು, ಅವಳೇ ಮೇಲೆ ಬಂದಳು. ಕೈಯಲ್ಲಿ ಮೈಸೂರು ಪಾಕಿನ ಡಬ್ಬ. “ಊರಿಂದ ಬಂದಿತ್ತು ಸಾರ್,” ಎಂದು ಕೊಟ್ಟು, ಹೋಗದೆ ನಿಂತಳು. “ಬೇಜಾರಾಯ್ತಾ ಸಾರ್? ನಾನು ಸುಮ್ನೆ ಅಲ್ಲಿ ಮಲಗಿದ್ದೆ ಅಷ್ಟೇ. ಆ ರಟ್ಟೂ ಸೊಳ್ಳೆಗೆ. ನೀವು ಊದಿ ಸಾರ್, ಕೇಳಿಸ್ದೇ ಇದ್ರೆ ಏನೋ ಬಿಕೋ ಅನ್ನುತ್ತೆ.”

ಅವಳು ಹೆದರಿದ್ದಳು. ನಾನು ಮುನಿಸಿಕೊಂಡು ನಿಲ್ಲಿಸಿದ್ದೇನೆ, ಕರಾರು ಬರೆಯುವಾಗ ಅದು ತನ್ನ ತಲೆಗೆ ಬರುತ್ತದೆ ಎಂದು ಹೆದರಿದ್ದಳು. ‘ತಪ್ಪು ನಂದಮ್ಮ’ ಎನ್ನಬೇಕಾದ ಹೊತ್ತು ಅದು. ನನ್ನ ಬಾಯಿಂದ ಬಂದದ್ದು, “ಅಯ್ಯೋ, ಹಂಗೇನಿಲ್ಲಮ್ಮ. ಸ್ವಲ್ಪ ಕೆಮ್ಮು. ಅದಕ್ಕೇ ನಿಲ್ಲಿಸಿದೀನಿ.”

ಕೆಮ್ಮು ಎಂದಕೂಡಲೇ ಅವಳು ನರ್ಸ್ ಆದಳು. ಎಷ್ಟು ದಿನವಾಯಿತು, ಕಫ ಇದೆಯೇ, ಮೊದಲೇ ಎದೆಯ ತೊಂದರೆ ಆದವರು ಹೀಗೆ ಸುಮ್ಮನಿರಬಾರದು ಎಂದೆಲ್ಲ ವಿಚಾರಿಸಿ, ಹಬೆ ತೆಗೆದುಕೊಳ್ಳಲು ಹೇಳಿ ಹೋದಳು. ಕರಾರನ್ನು ಅದೇ ಬಾಡಿಗೆಗೆ ಮುಂದುವರಿಸಿದೆ. ಆ ಮೇಲೆ ಮೆಟ್ಟಿಲಲ್ಲಿ ಸಿಕ್ಕಾಗಲೆಲ್ಲ “ಕೆಮ್ಮು ಹೇಗಿದೆ ಸಾರ್?” ಎಂಬುದು ಅವಳ ಪ್ರಶ್ನೆ. ಸುಳ್ಳು ಬಯಲಾಗಬಾರದಲ್ಲ; ಅವಳನ್ನು ಕಂಡರೆ ಒಂದು ಸಲ ಕೆಮ್ಮುವುದನ್ನು ರೂಢಿ ಮಾಡಿಕೊಂಡೆ. ಈ ಅಭ್ಯಾಸದಲ್ಲಿ ಮಾತ್ರ ನನ್ನ ಶ್ರುತಿ ಎಂದೂ ಜಾರಲಿಲ್ಲ.

ಊದದೆ ಇರಲು ಆಗಲಿಲ್ಲ. ಹನುಮಂತನಗರದ ಏರು ಹತ್ತಿ, ಮೇಷ್ಟ್ರ ಬಾಗಿಲಲ್ಲಿ ನಿಂತೆ. ಯಾಕೆ ಬಂದಿರಲಿಲ್ಲ ಎಂದು ಅವರು ಕೇಳಲಿಲ್ಲ. ಸ್ಟೂಲು ಎಳೆದು ಹಾಕಿ, ಶ್ರುತಿ ಹಚ್ಚಿ, “ಊದಿ” ಎಂದರು. ಡಕ್ಟಿಲ್ಲದ ಕೋಣೆಯಲ್ಲಿ ನನ್ನ ಸ್ವರ ನನಗೇ ಕೇಳಿಸಿತು. ಒಡಕು ಪೈಪಿನಿಂದ ಬಂದ ಹಾಗಿತ್ತು.

“ಜಾರ್ತಿದೆ ಸಾರ್. ಮೊದಲಿಗಿಂತ ಜಾಸ್ತಿ. ಚೆನ್ನಾಗಿದೆ ಅಂತ ನಿಮಗೆ ಯಾರಾದ್ರೂ ಹೇಳಿದ್ರಾ?”

“ಬಾಡಿಗೆಯವರು,” ಎಂದೆ. ಎಲ್ಲವನ್ನೂ ಹೇಳಿಬಿಟ್ಟೆ. ಅಡುಗೆಮನೆಯ ಹಾಸಿಗೆ, ಮೈಸೂರು ಪಾಕು, ಕೆಮ್ಮು, ಒಂದನ್ನೂ ಬಿಡಲಿಲ್ಲ.

ಅವರು ನಗುತ್ತಾರೆ ಎಂದುಕೊಂಡಿದ್ದೆ. ಅವರು ಎದ್ದು ಹೋಗಿ, ಕೋಣೆಯ ಬಾಗಿಲನ್ನು ಮೆಲ್ಲಗೆ ಹಾಕಿ ಬಂದು ಕುಳಿತರು. “ನಾನೂ ಇಲ್ಲಿ ಬಾಡಿಗೆಗೇ ಇರೋದು ಸಾರ್. ಕೆಳಗಡೆ ಓನರ್ ಮೊಮ್ಮಗಳು ಹಾಡ್ತಾಳೆ. ತಾತ ಪ್ರತಿ ಭಾನುವಾರ ನನ್ನ ಕೂರಿಸ್ಕೊಂಡು ಕೇಳಿಸ್ತಾರೆ. ಮಗೂಗೆ ತಾಳ, ಶ್ರುತಿ ಎರಡೂ ಇಲ್ಲ. ನಾನು ಚೆನ್ನಾಗಿದೆ ಅಂತಲೇ ಹೇಳೋದು,” ಎಂದರು. ಅವರು ನನ್ನ ಮುಖ ನೋಡಲಿಲ್ಲ. ಯಾರಿಗೂ ಮುಲಾಜಿಲ್ಲದವರು ಎಂದು ನಾನು ತಿಳಿದಿದ್ದ ಮನುಷ್ಯ ತಲೆ ತಗ್ಗಿಸಿ ಕುಳಿತಿದ್ದರು. ನಾಚಿಕೆ ಅವರದೋ ನನ್ನದೋ, ಆ ಹೊತ್ತಿಗೆ ಕೋಣೆಯಲ್ಲಿ ಇಬ್ಬರಿಗೂ ಸಾಕಾಗುವಷ್ಟಿತ್ತು. ಆಮೇಲೆ ಅವರೇ, “ನಿಮ್ಮನ್ನು ಕಂಡ್ರೆ ಹೆದರದೇ ಇರೋರ ಮಧ್ಯೆ ಕೂತು ಊದಿ,” ಎಂದರು.

ಹಾಗಾಗಿ ಹುಳಿಮಾವು ಕೆರೆಯ ದಡಕ್ಕೆ ಹೋಗತೊಡಗಿದೆ. ಸ್ಕೂಟರ್ ನಿಲ್ಲಿಸಿ, ಕಲ್ಲುಬೆಂಚಿನ ಮೇಲೆ ಕುಳಿತು, ಒಂದೇ ಷಡ್ಜ. ಅಲ್ಲಿ ನಾನು ಯಾರ ಓನರೂ ಅಲ್ಲ. ಬಯಲಿನಲ್ಲಿ ಸ್ವರ ಬಾಯಿಂದ ಹೊರಟದ್ದೇ ಮಾಯವಾಗುತ್ತಿತ್ತು. ನನ್ನ ಉಸಿರು ಎಷ್ಟಿದೆಯೋ ಅಷ್ಟೇ ಕೇಳುತ್ತಿತ್ತು. ಮೂರನೆಯ ದಿನವೋ ನಾಲ್ಕನೆಯದೋ, ವಾಕಿಂಗ್ ಬಂದಿದ್ದ ಹುಡುಗನೊಬ್ಬ ಕಿವಿಯಿಂದ ಇಯರ್‌ಫೋನ್ ತೆಗೆದು ಹತ್ತಿರ ಬಂದ. “ಅಂಕಲ್, ಬೇಜಾರು ಮಾಡ್ಕೋಬೇಡಿ. ಸ್ವಲ್ಪ ಆ ಕಡೆ ಹೋಗಿ ಊದ್ತೀರಾ? ತಲೆನೋವು ಬರ್ತಿದೆ.” ಕಿವಿ ಸುಟ್ಟುಹೋಯಿತು. ಎದ್ದು ಆ ಕಡೆ ಹೋದೆ. ಅವಮಾನವಾಗಿತ್ತು, ಜೊತೆಗೆ ನನ್ನ ಕೊಳಲನ್ನು ಕೊನೆಗೂ ಯಾರೋ ನಿಜವಾಗಿ ಕೇಳಿದರಲ್ಲ ಎಂದು ಸಮಾಧಾನವೂ ಆಗಿತ್ತು. ಮರುದಿನ ಮತ್ತೆ ಹೋದೆ, ನೇರವಾಗಿ ಆ ಕಡೆಯ ಬೆಂಚಿಗೇ. ಮಳೆಗಾಲ ಕಳೆಯುವ ಹೊತ್ತಿಗೆ ಮೇಷ್ಟ್ರು ಒಂದು ದಿನ ನನ್ನ ಷಡ್ಜ ಮುಗಿದ ಮೇಲೂ ಏನೂ ಹೇಳದೆ, ಮುಂದಿನ ಸ್ವರಕ್ಕೆ ಬೆರಳು ಎತ್ತಿ ತೋರಿಸಿದರು.

ಮೊನ್ನೆ ನರ್ಸಮ್ಮ ಮನೆ ಖಾಲಿ ಮಾಡಿದಳು. ದೂರದ ಬೇರೆ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತ್ತು. ಸಾಮಾನೆಲ್ಲ ಟೆಂಪೋಗೆ ಏರಿದ ಮೇಲೆ, ನಮ್ಮ ಕಡೆಯ ರೂಢಿಯಂತೆ ನಾನು ಒಡೆದದ್ದು ಬಿರಿದದ್ದು ನೋಡಲು ಒಳಗೆ ಹೋದೆ. ಬೆಡ್‌ರೂಮಿನ ಕಿಟಕಿಯಲ್ಲಿ ರಟ್ಟು ಹಾಗೇ ಇತ್ತು, ಟೇಪು ಹೊಸದು. ಅಡುಗೆಮನೆಯಲ್ಲಿ, ಗ್ಯಾಸ್ ಕಟ್ಟೆಯ ಕೆಳಗೆ ಮಲಗಿದವರ ಕೈಗೆ ಸಿಗುವ ಎತ್ತರದಲ್ಲಿ, ಮೊಬೈಲ್ ಚಾರ್ಜರಿಗೆಂದು ಎಳೆದ ವೈರು ಇತ್ತು. ಅದರ ಪಕ್ಕ ಕನ್ನಡಕ ಸಿಕ್ಕಿಸಲು ಒಂದು ಮೊಳೆ. ನಾನು ಊದುವುದನ್ನು ನಿಲ್ಲಿಸಿದ ಮೇಲೂ, ಇಷ್ಟು ತಿಂಗಳೂ, ಅವಳು ಅಲ್ಲೇ ಮಲಗಿದ್ದಳು. ಬೆಡ್‌ರೂಮಿಗೆ ಯಾಕೆ ವಾಪಸಾಗಲಿಲ್ಲ ಎಂಬುದು ಆ ಕ್ಷಣಕ್ಕೆ ಹೊಳೆಯಲಿಲ್ಲ.

ಪೇಂಟಿಂಗಿಗೆಂದು ಎಲ್ಲರ ಹತ್ತಿರ ಹಿಡಿದುಕೊಳ್ಳುವುದನ್ನು ಇವಳ ಹತ್ತಿರ ಹಿಡಿಯಲಿಲ್ಲ. ಅಡ್ವಾನ್ಸನ್ನು ಪೂರ್ತಿ ವಾಪಸು ಕೊಟ್ಟೆ. ಇನ್ನು ಅವಳಿಗೆ ನನ್ನ ಹಂಗಿಲ್ಲ ಎನ್ನಿಸಿದ ಮೇಲೆ ಗೇಟಿನ ಹತ್ತಿರ ಕೇಳಿದೆ: “ಈಗಲಾದ್ರೂ ನಿಜ ಹೇಳಮ್ಮ, ನನ್ನ ಕೊಳಲು...”

ಅವಳು ಬ್ಯಾಗನ್ನು ಆ ಹೆಗಲಿನಿಂದ ಈ ಹೆಗಲಿಗೆ ಹಾಕಿಕೊಂಡಳು. ತುಂಬ ಹಿಂದುಮುಂದು ನೋಡಿ, ಮೆತ್ತಗೆ ಹೇಳಿದಳು. “ಸಾರ್, ಕೆಮ್ಮು ವಾಸಿಯಾದ್ಮೇಲೆ ಮತ್ತೆ ಶುರು ಮಾಡ್ತೀರಲ್ಲ, ಆವಾಗ ಬೆಳಿಗ್ಗೆ ಹೊತ್ತು ಬೇಡ ಸಾರ್. ನಾನೇನೋ ನಾಳೆ ವಾಸಿಯಾಗುತ್ತೆ, ನಾಡಿದ್ದು ವಾಸಿಯಾಗುತ್ತೆ ಅಂತ ಅಡುಗೆಮನೇಲೇ ಇದ್ದೆ. ಈಗ ಬರೋರಿಗೆ ಕೈಗೂಸಿದೆಯಂತೆ.”

ಇಲ್ಲದ ಕೆಮ್ಮು ವಾಸಿಯಾಗುವುದನ್ನು ಕಾಯುತ್ತ ಅವಳು ಅಷ್ಟು ದಿನ ಸಿಲಿಂಡರಿನ ಪಕ್ಕ ಮಲಗಿದ್ದಳು. ಕೆಮ್ಮು ಇರಲಿಲ್ಲಮ್ಮ, ನಾಚಿಕೆಯಾಗಿ ನಿಲ್ಲಿಸಿದ್ದೆ, ಇನ್ನು ಈ ಮನೆಯಲ್ಲಿ ಯಾವತ್ತೂ ಊದುವುದಿಲ್ಲ ಎಂದು ಹೇಳಬೇಕಿತ್ತು. ಕೆರೆಯ ದಡದಲ್ಲಿ ಬೆಳೆಸಿಕೊಂಡ ಉಸಿರನ್ನೆಲ್ಲ ಎಳೆದುಕೊಂಡು ಬಾಯಿ ತೆರೆದೆ. ಎದುರಿಗೆ ಅವಳಿದ್ದಳು, ರೂಢಿ ಬಿಡಲಿಲ್ಲ, ಬಂದದ್ದು ಕೆಮ್ಮು.

“ನೋಡಿ, ಇನ್ನೂ ಇದೆ. ಒಂದು ಎಕ್ಸ್‌ರೇ ತೆಗೆಸಿ ಸಾರ್,” ಎಂದು ಹೇಳಿ ಅವಳು ಟೆಂಪೋ ಹತ್ತಿದಳು.